ಒಂದು ಗಂಟೆಗೆ ತೆರೆಯುವ ಮುಚ್ಚಳ

ಅರ್ಜಿಯ ಮೊದಲ ಸಾಲಿನಲ್ಲೇ 'ತಂಡದ ನಾಯಕರ ವಿಭಾಗ' ಎಂದಿತ್ತು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು, ಪೆನ್ನನ್ನು ಸೌಟು ಹಿಡಿದ ಹಾಗೆ ಹಿಡಿದು, 'ಅಡುಗೆಮನೆ' ಎಂದು ಬರೆದಳು.

ಪಕ್ಕದಲ್ಲಿ ಕೂತಿದ್ದ ತಂಗಿಯ ಮಗಳು ಹಣೆ ಚಚ್ಚಿಕೊಂಡಳು. "ದೊಡ್ಡಮ್ಮಾ, ವಿಭಾಗ ಅಂದ್ರೆ ಭೌತಶಾಸ್ತ್ರ, ವಾಣಿಜ್ಯ, ಆ ಥರದ್ದು."

"ಇಪ್ಪತ್ತಾರು ವರ್ಷದಿಂದ ನಾನಿರೋದು ಯಾವ ವಿಭಾಗದಲ್ಲಿ? ಅದನ್ನೇ ಬರ್ದಿದೀನಿ. ಮುಂದಿನ ಸಾಲು ಓದು."

ದೊಡ್ಡಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದ ಮುಖ್ಯ ಅಡುಗೆಯವಳು. ನಾಲ್ಕುನೂರು ಮಕ್ಕಳಿಗೆ ಬೇಯಿಸಿ ಹಾಕುವ ಹೆಂಗಸನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲವಾಗಿ ಎಲ್ಲರಿಗೂ ಅವಳು ದೊಡ್ಡಮ್ಮನೇ. ಹಾಗೆ ಕರೆಯುವ ನಿಜವಾದ ಹಕ್ಕಿದ್ದದ್ದು ಈ ಹುಡುಗಿಗೆ ಮಾತ್ರ. ಅಲ್ಲೇ ವ್ಯಾಪಾರ ನಿರ್ವಹಣೆಯ ಕೊನೆಯ ವರ್ಷ ಓದುತ್ತಿದ್ದ ಅವಳಿಗೆ, ತನ್ನ ದೊಡ್ಡಮ್ಮನನ್ನು ಇಡೀ ಹಾಸ್ಟೆಲ್ಲು ಹಂಚಿಕೊಂಡಿದೆಯಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚು. ಅರ್ಜಿಯನ್ನು ಹುಡುಕಿ ತಂದವಳೂ ಅವಳೇ. ವಿಶ್ವವಿದ್ಯಾಲಯದ ಉದ್ಯಮ ಕೇಂದ್ರದವರು ಶುದ್ಧ ಇಂಧನದ ಹೊಸ ಉದ್ಯಮಗಳಿಗೆ ಸ್ಪರ್ಧೆ ಇಟ್ಟಿದ್ದರು. ತಂಡದ ನಾಯಕರ ಹತ್ತಿರ ವಿದ್ಯಾರ್ಥಿ ಗುರುತಿನ ಚೀಟಿ ಇರಬೇಕೆಂಬುದು ನಿಯಮ. ದೊಡ್ಡಮ್ಮನ ಹತ್ತಿರ ಅದೂ ಇತ್ತು. ಸಿಬ್ಬಂದಿಗೆಂದು ನಡೆಸುವ ಸಂಜೆಯ ಕಂಪ್ಯೂಟರ್ ತರಗತಿಗೆ ಆ ವರ್ಷ ಸೇರಿದ್ದಳು. ಚೀಟಿಯ ಫೋಟೋದಲ್ಲಿ ಪೊಲೀಸರ ಕೈಗೆ ಆಗತಾನೇ ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು, ನಿಜ. ಆದರೆ ಮುದ್ರೆ ಅಸಲಿ ಮುದ್ರೆ.

ಐವತ್ನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ಕೇಳಿದವರುಂಟು. ಉತ್ತರ ಅಡುಗೆಮನೆಯ ಬಾಗಿಲಿಗೇ ಅಂಟಿತ್ತು. ಎರಡು ವಾರದ ಹಿಂದೆ ಕಚೇರಿಯ ಜವಾನ ಬಂದು ಒಂದು ನೋಟೀಸು ಹಚ್ಚಿ, ಯಾರ ಮುಖವನ್ನೂ ನೋಡದೆ ಹೊರಟುಹೋಗಿದ್ದ. ಆವರಣವನ್ನು ಹೊಗೆಮುಕ್ತ ಮಾಡುವ ಕಾರ್ಯಕ್ರಮದಡಿ ಮುಂದಿನ ಅವಧಿಯಿಂದ ಈ ಅಡುಗೆಮನೆಯನ್ನು ಮುಚ್ಚಲಾಗುವುದು. ಊಟವನ್ನು ಹೊರಗಿನ ಗುತ್ತಿಗೆದಾರರು ವ್ಯಾನಿನಲ್ಲಿ ತರುವರು. ಇಂಧನ ಸಮೀಕ್ಷೆಯ ಪ್ರಕಾರ ಇಡೀ ಆವರಣದಲ್ಲಿ ಅತಿ ಹೆಚ್ಚು ಗ್ಯಾಸು ಸುಡುವ ಜಾಗ ಇದೇ.

ಅದನ್ನು ಓದಿದ ದಿನ ದೊಡ್ಡಮ್ಮನಿಗೆ ಅಳು ಬರಲಿಲ್ಲ, ಮೈ ಉರಿಯಿತು. ಅವಳ ಜೊತೆ ಕೆಲಸ ಮಾಡುವ ಮೂವರು ಹೆಂಗಸರು ಅತ್ತರು. ಗ್ಯಾಸು ಪೋಲು ಮಾಡುತ್ತಾರೆಂಬ ಮಾತನ್ನು ಬೇರೆ ಯಾವ ಅಡುಗೆಮನೆಗೆ ಅಂದಿದ್ದರೂ ಅವಳು ಒಪ್ಪುತ್ತಿದ್ದಳೇನೋ. ತನ್ನದಕ್ಕೆ ಅಂದದ್ದು ಮಾತ್ರ ಸುತಾರಾಂ ಒಪ್ಪಿಗೆಯಾಗಲಿಲ್ಲ.

ಯಾಕೆಂದರೆ ಅವಳ ಅಡುಗೆಮನೆಯಲ್ಲಿ ಪೆಟ್ಟಿಗೆಗಳಿದ್ದವು. ಹಳೆಯ ಬೀರುಗಳ ಹಲಗೆ ಬಿಚ್ಚಿ ಮಾಡಿದ, ಸೊಂಟದೆತ್ತರದ ಒಂಬತ್ತು ಪೆಟ್ಟಿಗೆ. ಒಳಗೆ ಹಾಸ್ಟೆಲಿನವರು ಎಸೆದ ಹಾಸಿಗೆಗಳ ಹತ್ತಿ, ಓದು ಮುಗಿಸಿ ಹೋದ ಮಕ್ಕಳು ಬಿಟ್ಟುಹೋದ ಕಂಬಳಿ. ಕಾಳನ್ನು ಒಲೆಯ ಮೇಲೆ ಅರ್ಧ ಬೇಯಿಸಿ, ಕುದಿಯುತ್ತಿರುವ ಹಂಡೆಯನ್ನು ಹಾಗೇ ಎತ್ತಿ ಪೆಟ್ಟಿಗೆಯೊಳಗೆ ಇಳಿಸಿ, ಮೇಲೆ ದಿಂಬು ಒತ್ತಿ, ಮುಚ್ಚಳ ಹಾಕಿ ಹಗ್ಗ ಬಿಗಿದರೆ ಒಲೆಯ ಕೆಲಸ ಮುಗಿಯಿತು. ಉಳಿದ ಅರ್ಧವನ್ನು ಹಂಡೆ ತನ್ನ ಕಾವಿನಲ್ಲೇ ಬೇಯಿಸಿಕೊಳ್ಳುತ್ತದೆ. ಇದು ದೊಡ್ಡಮ್ಮ ಕಂಡುಹಿಡಿದದ್ದಲ್ಲ. ಅವಳ ಅಮ್ಮ ಹಾಸಿಗೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಬೆಳಿಗ್ಗೆ ಮನೆಯಲ್ಲಿ ಕುದಿಸಿದ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಹತ್ತಿಯ ರಾಶಿಯೊಳಗೆ ಹೂತಿಟ್ಟರೆ ಮಧ್ಯಾಹ್ನದ ಸೀಟಿ ಊದುವ ಹೊತ್ತಿಗೆ ಊಟ ಸಿದ್ಧ. ಮಗಳು ಹಸಿವು ತಡೆಯದೆ ನಡುವೆ ಒಮ್ಮೆ ಹತ್ತಿ ಸರಿಸಿ ಇಣುಕಿದ್ದಕ್ಕೆ ಕೈಮೇಲೆ ಫಟ್ಟನೆ ಬಿದ್ದ ಏಟು ಈಗಲೂ ನೆನಪಿದೆ. ಅವತ್ತು ಇಬ್ಬರೂ ಗಟ್ಟಿ ಕಾಳು ಅಗಿದಿದ್ದರು. ಕಾವು ಹೋಯಿತೆಂದರೆ ಹೋಯಿತು, ಅದನ್ನು ಬಾ ಎಂದು ಕರೆಯಲಾಗುವುದಿಲ್ಲ.

ಹಾಗಾಗಿ ಅವಳ ಅಡುಗೆಮನೆಯಲ್ಲಿ ಕಾನೂನು ಇದ್ದದ್ದು ಒಂದೇ. ಬೆಳಿಗ್ಗೆ ಒಂಬತ್ತೂಕಾಲಿಗೆ ಒಲೆ ಆರುತ್ತದೆ, ಮಧ್ಯಾಹ್ನ ಒಂದು ಗಂಟೆಗೆ ಮುಚ್ಚಳ ತೆರೆಯುತ್ತದೆ. ನಡುವೆ ದೇವರೇ ಇಳಿದು ಬಂದು ಕೇಳಿದರೂ ತೆರೆಯುವ ಹಾಗಿಲ್ಲ.

"ಗೆದ್ದೋರ ಯೋಜನೇನ ವಿಶ್ವವಿದ್ಯಾಲಯ ಒಂದು ವರ್ಷ ಇಲ್ಲೇ ನಡೆಸಿ ನೋಡುತ್ತಂತೆ," ಎಂದು ಹುಡುಗಿ ಅರ್ಜಿಯ ಕೊನೆಯ ಪುಟ ಓದಿದ್ದಳು. "ನಮ್ಮ ಪೆಟ್ಟಿಗೆ ಗೆದ್ರೆ ಇಲ್ಲೇ ನಡೆಸ್ಬೇಕು."

"ಅಡುಗೆಮನೆ ಮುಚ್ಚಿ ಪೆಟ್ಟಿಗೆ ಎಲ್ಲಿಡ್ತಾರೆ? ಗ್ರಂಥಾಲಯದಲ್ಲಾ?" ಎಂದು ದೊಡ್ಡಮ್ಮ ಕೇಳಿದ್ದಳು. ಕೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಅರ್ಜಿ ತುಂಬಿಸಿದ್ದು ಆ ಸಂಜೆಯೇ.

ಉದ್ಯಮ ಕೇಂದ್ರದ ನಿರ್ದೇಶಕರನ್ನು ಮಕ್ಕಳು ಬೆನ್ನ ಹಿಂದೆ ಹತ್ತು ಸ್ಲೈಡ್ ಸಾರ್ ಎನ್ನುತ್ತಿದ್ದರು. ಜಗತ್ತಿನ ಯಾವ ವಿಷಯವಾದರೂ ಹತ್ತು ಸ್ಲೈಡಿನಲ್ಲಿ ಮುಗಿಯಬೇಕೆಂಬುದು ಅವರ ಸಿದ್ಧಾಂತ. ಮೊದಲ ಸುತ್ತು ದಾಟಿದ ಆರು ತಂಡಗಳಿಗೆ ಸಲಹೆ ಕೊಡಲು ಗಾಜಿನ ಗೋಡೆಯ ಕೋಣೆಯಲ್ಲಿ ಕೂತಿದ್ದರು. ದೊಡ್ಡಮ್ಮ ತಂದಿದ್ದ ಸಣ್ಣ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡಿಸಿ, ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಚೆನ್ನಾಗಿದೆಮ್ಮ, ಚೆನ್ನಾಗಿದೆ. ಆದ್ರೆ ಇದ್ರಲ್ಲಿ ತಂತ್ರಜ್ಞಾನ ಎಲ್ಲಿದೆ?"

"ಹತ್ತೀಲಿದೆ ಸಾರ್."

"ಹಾಗಲ್ಲ. ಒಳಗೆ ಒಂದು ಸೆನ್ಸರ್ ಇಡಿ. ಎಷ್ಟು ಬೆಂದಿದೆ ಅಂತ ಮೊಬೈಲಿಗೆ ಸಂದೇಶ ಬರ್ಲಿ. ಪೆಟ್ಟಿಗೆ ಸ್ಮಾರ್ಟ್ ಆಗ್ಬೇಕು."

"ಪೆಟ್ಟಿಗೆ ಯಾಕೆ ಸ್ಮಾರ್ಟ್ ಆಗ್ಬೇಕು ಸಾರ್? ಅಡುಗೆಯವಳು ಆಗಿದ್ರೆ ಸಾಲ್ದಾ?"

ಹುಡುಗಿ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ನಿರ್ದೇಶಕರು ನಕ್ಕರು. ಕೆಟ್ಟ ಮನುಷ್ಯರೇನಲ್ಲ, ಆದರೆ ತಮಗೆ ಅರ್ಥವಾಗದ್ದನ್ನು ನಗುತ್ತಲೇ ದಾಟಿಬಿಡುವ ಜಾತಿ. "ತೀರ್ಪುಗಾರರು ಕೇಳ್ತಾರೆ ನೋಡಿ, ಆಗ ಈ ತಮಾಷೆ ನಡೆಯಲ್ಲ. ತಂತ್ರಜ್ಞಾನಕ್ಕೇ ಇಪ್ಪತ್ತು ಅಂಕ ಇದೆ," ಎಂದು ಹೇಳಿ ಮುಂದಿನ ತಂಡವನ್ನು ಕರೆದರು.

ಹುಡುಗಿಯ ತಲೆಯಲ್ಲಿ ಆ ಇಪ್ಪತ್ತು ಅಂಕ ಕೂತುಬಿಟ್ಟಿತು. ಮೂರು ದಿನದ ನಂತರ ದೊಡ್ಡಮ್ಮ ಸ್ಲೈಡುಗಳನ್ನು ನೋಡುವಾಗ ಏಳನೆಯದರಲ್ಲಿ, ಪೆಟ್ಟಿಗೆಯ ಚಿತ್ರದ ಮೇಲೆ ನೀಲಿ ದೀಪವೊಂದು ಮಿನುಗುತ್ತಿತ್ತು. ಪಕ್ಕದಲ್ಲಿ 'ಕೃತಕ ಬುದ್ಧಿಮತ್ತೆಯ ಉಷ್ಣ ನಿರ್ವಹಣೆ' ಎಂಬ ಸಾಲು.

"ಇದೇನಿದು?"

"ಮುಂದೆ ಹಾಕ್ತೀವಿ ಅಂತ ಅಷ್ಟೇ ದೊಡ್ಡಮ್ಮ. ಎಲ್ರೂ ಹೀಗೇ ಹಾಕೋದು."

"ಇಲ್ದಿರೋದನ್ನ ಇದೆ ಅಂತ ಬಡಿಸಿದ್ರೆ ತಟ್ಟೇಲಿ ಏನಿರುತ್ತೆ?"

"ನಿಮಗೆ ಗೆಲ್ಲೋದು ಬೇಡ್ವಾ? ಅಡುಗೆಮನೆ ಹೋದ್ರೆ ನೀವೆಲ್ಲಿ ಹೋಗ್ತೀರಾ? ನಿಮಗೋಸ್ಕರ ತಾನೇ ನಾನು..."

ದೊಡ್ಡಮ್ಮನ ಕೋಪ ಅರ್ಧ ಇಳಿಯಿತು, ಪೂರ್ತಿ ಇಳಿಯಲಿಲ್ಲ. "ನನಗೋಸ್ಕರ ಸುಳ್ಳು ಹೇಳ್ಬೇಡ ಕಣೇ. ನನಗೆ ಅಡುಗೆಮನೆ ಬೇಕು. ಅದರ ಜೊತೆ ನೀಲಿ ದೀಪ ಬೇಡ." ಏಳನೇ ಸ್ಲೈಡನ್ನು ಅವಳೇ ಅಳಿಸಿದಳು. ಸಂಜೆಯ ಕಂಪ್ಯೂಟರ್ ತರಗತಿಯಲ್ಲಿ ಅವಳು ಚೆನ್ನಾಗಿ ಕಲಿತದ್ದು ಅಳಿಸುವುದನ್ನೇ. ಒಂಬತ್ತು ಸ್ಲೈಡು ಉಳಿಯಿತು. ನಿರ್ದೇಶಕರಿಗೆ ಒಂದು ಕಡಿಮೆ.

ಅಂತಿಮ ಸುತ್ತಿನ ದಿನ ಬೆಳಿಗ್ಗೆ ಎಂಟಕ್ಕೆ, ನೆನೆದ ಕಡಲೆಕಾಳನ್ನು ಅರ್ಧ ಬೇಯಿಸಿ ಸಣ್ಣ ಪೆಟ್ಟಿಗೆಯೊಳಗಿಟ್ಟು ಹಗ್ಗ ಬಿಗಿದಳು. ಅವರದು ಕೊನೆಯ ಸರದಿ, ಹನ್ನೊಂದೂಮುಕ್ಕಾಲಿಗೆ. ವೇದಿಕೆಯ ಮೇಲೆ ಎಲ್ಲರೆದುರು ಮುಚ್ಚಳ ತೆಗೆದು ತೀರ್ಪುಗಾರರ ಕೈಗೆ ಬೆಂದ ಕಾಳು ಕೊಡುವುದೆಂದು ಲೆಕ್ಕ. ಹುಡುಗಿ ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿಟ್ಟು ಸಭಾಂಗಣಕ್ಕೆ ಒಯ್ದಳು, ವೇದಿಕೆಯ ಹಿಂದಿನ ಕೋಣೆಯಲ್ಲಿ ಬಿಟ್ಟು, ಹೆಸರು ನೋಂದಾಯಿಸಲು ಹೋದಳು. ದೊಡ್ಡಮ್ಮನಿಗೆ ಹಿಂದೆಯೇ ಹೋಗಲಾಗಲಿಲ್ಲ. ಅವತ್ತು ಮಧ್ಯಾಹ್ನ ಹಾಸ್ಟೆಲಿನ ಮಕ್ಕಳೆಲ್ಲರಿಗೂ ಎಂದಿನಂತೆ ಊಟವಾಗಬೇಕಿತ್ತು. ಒಂಬತ್ತೂಕಾಲಿಗೆ ಕೊನೆಯ ಹಂಡೆಯನ್ನು ಇಳಿಸಿ, ಒಲೆಗಳನ್ನು ಆರಿಸಿ, ಒಂಬತ್ತೂ ಪೆಟ್ಟಿಗೆಯ ಹಗ್ಗ ಮುಟ್ಟಿ ನೋಡಿ, ಸೀರೆ ಬದಲಿಸಿಕೊಂಡು ಬರುವ ಹೊತ್ತಿಗೆ ಸಭಾಂಗಣ ತುಂಬಿತ್ತು.

ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಇಟ್ಟಲ್ಲೇ ಇತ್ತು. ಹಗ್ಗವೂ ಇತ್ತು. ಗಂಟು ಮಾತ್ರ ಅವಳದಲ್ಲ.

ಅವಳ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥದ್ದು, ಎಡಗಡೆ ಒಂದು ಕಿವಿ ಇರುತ್ತಿತ್ತು. ಇಲ್ಲಿ ಯಾರೋ ಶೂ ಲೇಸು ಕಟ್ಟುವ ಹಾಗೆ ಎರಡು ಕಿವಿ ಬಿಟ್ಟಿದ್ದರು.

"ಯಾರು ಇದನ್ನ ತೆಗ್ದಿದ್ದು?"

ಪರದೆಯ ಹತ್ತಿರ ಕಾಗದಗಳನ್ನು ಜೋಡಿಸುತ್ತಿದ್ದ ನಿರ್ದೇಶಕರು ಉತ್ಸಾಹದಿಂದಲೇ ತಿರುಗಿದರು. "ನಾನೇ ತೆಗೆಸ್ದೆ. ನಮ್ಮ ಪತ್ರಿಕೆಗೆ ಒಳಗಿನ ಫೋಟೋ ಬೇಕಿತ್ತು. ಎಂಟೂವರೆಗೆ. ಬಹಳ ಚೆನ್ನಾಗಿ ಬಂದಿದೆ, ಹಬೆ ಎಲ್ಲ."

"ಎಷ್ಟು ಹೊತ್ತು ತೆರ್ದಿಟ್ಟಿದ್ರಿ?"

"ಹತ್ತೇ ನಿಮಿಷ. ಬೆಳಕು ಸರಿ ಇರ್ಲಿಲ್ಲ ನೋಡಿ, ಕಿಟಕಿ ಹತ್ರ ಒಯ್ದ್ವಿ. ಆಮೇಲೆ ಹಾಗೇ ಮುಚ್ಚಿದೀವಿ, ಏನೂ ಮುಟ್ಟಿಲ್ಲ."

ನೋಂದಣಿ ಮುಗಿಸಿ ಬಂದಿದ್ದ ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ನಿರ್ದೇಶಕರು ಆಚೆ ಹೋದದ್ದೇ ದೊಡ್ಡಮ್ಮನ ತೋಳು ಹಿಡಿದುಕೊಂಡಳು.

"ನನ್ನ ತಪ್ಪು. ನಾನು ಬಿಟ್ಟು ಹೋಗ್ಬಾರ್ದಿತ್ತು. ದೊಡ್ಡಮ್ಮ, ಓಡಿಹೋಗಿ ಅಡುಗೆಮನೆಯಿಂದ ಒಂದು ಪಾತ್ರೆ ಕಾಳು ತರ್ಲಾ? ಇದರೊಳಗೆ ಇಟ್ಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ಅಲ್ಲಿನ ಪೆಟ್ಟಿಗೆ ಈಗ ತೆಗೆದ್ರೆ ಮಕ್ಳು ಏನು ತಿಂತಾರೆ?"

"ಇವತ್ತೊಂದು ದಿನ..."

"ಹಾಗಂತ ಹೇಳೋರೇ ಇದನ್ನೂ ತೆಗೆದಿದ್ದು." ಅಷ್ಟು ಹೇಳಿ ದೊಡ್ಡಮ್ಮ ಹಗ್ಗದ ಎರಡು ಕಿವಿಯನ್ನು ಬಿಚ್ಚಿ, ತನ್ನ ಗಂಟನ್ನು ಹಾಕಿದಳು. ಅದರಿಂದ ಈಗ ಏನೂ ಪ್ರಯೋಜನವಿರಲಿಲ್ಲ. ಆದರೂ ಹಾಕಿದಳು.

ಆಗಲೇ ವೇದಿಕೆಯ ಮೇಲೆ ಅವರಿಗಿಂತ ಮೊದಲಿನ ತಂಡದ ಸರದಿ ಬಂದಿತ್ತು. ಮಾತಾಡುತ್ತಿದ್ದ ಹುಡುಗನನ್ನು ದೊಡ್ಡಮ್ಮ ಪರದೆಯ ಸಂದಿಯಿಂದ ನೋಡಿದಳು. ಎಲ್ಲೋ ಕಂಡ ಮುಖ. ಕೈಯಲ್ಲಿದ್ದ ಟ್ಯಾಬ್ಲೆಟ್ಟು ಕಂಡ ಮೇಲೆ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದಿದ್ದ. ಸಮೀಕ್ಷೆ ಎಂದಿದ್ದ. ಪಾಪ, ಏನೂ ತಿಂದಿಲ್ಲವೆಂದು ಅವಳೇ ಟೀ ಕೊಟ್ಟಿದ್ದಳು. ಯಾವುದೇ ಕಟ್ಟಡದ ಇಂಧನದ ಪೋಲನ್ನು ಒಂದೇ ದಿನದಲ್ಲಿ ಅಳೆಯುವ ಆ್ಯಪ್ ಅವನದಂತೆ. ವಿಶ್ವವಿದ್ಯಾಲಯ ಈಗಾಗಲೇ ಅದನ್ನು ಬಳಸಿದೆಯಂತೆ. ದೊಡ್ಡ ಪರದೆಯ ಮೇಲೆ ದೊಡ್ಡಮ್ಮನ ಅಡುಗೆಮನೆಯ ಫೋಟೋ ಬಂತು, ಕೆಂಪು ಚೌಕಟ್ಟಿನೊಳಗೆ.

"ಇದು ನಮ್ಮ ಆವರಣದ ಅತಿ ಕೆಟ್ಟ ಉದಾಹರಣೆ," ಎಂದ ಹುಡುಗ. "ಇಲ್ಲಿ ಒಲೆಗಳು ದಿನಕ್ಕೆ ಹದಿನಾಲ್ಕು ಗಂಟೆ ಉರಿಯುತ್ತವೆ."

ಹದಿನಾಲ್ಕು! ದೊಡ್ಡಮ್ಮ ಸಂದಿಯಲ್ಲೇ ಬಾಯಿ ಬಿಟ್ಟು ನಿಂತಳು. ಆ ಬೆಳಿಗ್ಗೆ ಅವನು ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಹೊತ್ತಿಗೆ ಬರ್ತೀರಾ? ಐದಕ್ಕೆ. ಎಷ್ಟು ಹೊತ್ತಿಗೆ ಹೋಗ್ತೀರಾ? ಏಳಕ್ಕೆ. ಅಡುಗೆಯವರು ಇರುವಷ್ಟು ಹೊತ್ತೂ ಒಲೆ ಉರಿಯುತ್ತದೆ ಎಂದು ಹುಡುಗ ತಾನೇ ಗುಣಿಸಿಕೊಂಡಿದ್ದ. ಟೀ ಕುಡಿದು, ಲೋಟ ತೊಳೆದಿಟ್ಟು, ಅವರೆಲ್ಲರ ಕೆಲಸ ತೆಗೆದು ಹೋಗಿದ್ದ. ಕಾಳು ಹಸಿಯಾದ ಸಂಕಟ ಆ ಕ್ಷಣದಲ್ಲಿ ಎಲ್ಲಿ ಹೋಯಿತೋ. ಅವಳಿಗೆ ಕೋಪ ನೆತ್ತಿಗೇರಿತು, ಕಾಲು ತಾನಾಗಿ ಮುಂದೆ ನಡೆಯಿತು.

"ಸ್ಲೈಡು?" ಎಂದಳು ಹುಡುಗಿ.

"ಬೇಡ. ಪೆಟ್ಟಿಗೆ ತಳ್ಕೊಂಡು ಬಾ."

ಎದುರಿಗೆ ಮೂವರು ತೀರ್ಪುಗಾರರಿದ್ದರು. ಇಬ್ಬರು ಕಪ್ಪು ಕೋಟಿನವರು. ಮೂರನೆಯವಳು ದೊಡ್ಡಮ್ಮನಿಗಿಂತ ಹಿರಿಯ ಹೆಂಗಸು, ಬಾಯ್ಲರ್ ಕಾರ್ಖಾನೆಯೊಂದರ ಯಜಮಾನಿ. ಗಿಡ್ಡ ಕೂದಲು, ಮುಂಗೈಯಲ್ಲಿ ಹಳೆಯ ಸುಟ್ಟ ಕಲೆ. ದೊಡ್ಡಮ್ಮ ಮೊದಲು ಕಂಡದ್ದು ಆ ಕಲೆಯನ್ನು. ಅಂಥವು ಅವಳ ಕೈಯಲ್ಲೂ ಆರು ಇದ್ದವು.

"ನಮಸ್ಕಾರ. ಕೆಟ್ಟ ಉದಾಹರಣೆ ಅಂದ್ರಲ್ಲ, ಅದು ನಾನೇ," ಎಂದಳು ದೊಡ್ಡಮ್ಮ. ಸಭೆ ಗೊಳ್ಳೆಂದಿತು. ಹಾಸ್ಟೆಲಿನ ಮಕ್ಕಳು ಹಿಂದಿನ ಸಾಲುಗಳಲ್ಲಿ ಕಾಲು ಬಡಿದರು. ಅವಳು ಗಂಟಿನ ಕಿವಿ ಎಳೆದು ಮುಚ್ಚಳ ತೆಗೆದಳು. ಹಬೆ ಬರಬೇಕಿದ್ದಲ್ಲಿ ಏನೂ ಬರಲಿಲ್ಲ. ಸೌಟಿನಲ್ಲಿ ನಾಲ್ಕು ಕಾಳು ತೆಗೆದು, ಒಂದನ್ನು ತನ್ನ ಬಾಯಿಗೆ ಹಾಕಿಕೊಂಡು ಧ್ವನಿವರ್ಧಕದ ಹತ್ತಿರವೇ ಕಡಿದಳು. ಕಟಕ್ ಎಂಬ ಸದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು.

"ಹಸಿ," ಎಂದಳು. "ಎಂಟು ಗಂಟೆಗೆ ಇದನ್ನ ಮುಚ್ಚಿದ್ದೆ. ಈಗ ಬೆಣ್ಣೆ ಥರ ಇರ್ಬೇಕಿತ್ತು. ಎಂಟೂವರೆಗೆ ಫೋಟೋ ತೆಗೆಯೋಕೆ ಇದನ್ನ ತೆರೆದ್ರು. ಹತ್ತು ನಿಮಿಷ. ಸಾರ್, ನೀವೂ ಒಂದು ತಿನ್ನಿ."

ನಿರ್ದೇಶಕರಿಗೆ ಬೇರೆ ದಾರಿಯಿರಲಿಲ್ಲ. ತಿಂದರು. ಅವರ ಮುಖ ಹುಳ್ಳಗಾಯಿತು. ಕಪ್ಪು ಕೋಟಿನವರು ಒಬ್ಬರಿಗೊಬ್ಬರು ಏನೋ ಪಿಸುಗುಟ್ಟಿ ತಮ್ಮ ಹಾಳೆಯ ಮೇಲೆ ಬರೆದುಕೊಂಡರು. ಏನು ಬರೆದರೆಂದು ದೊಡ್ಡಮ್ಮನಿಗೆ ಓದದೆಯೇ ಗೊತ್ತಾಯಿತು.

"ನಮ್ಮ ಅಡುಗೆಮನೇನೂ ಹೀಗೇ ಹತ್ತು ನಿಮಿಷ ತೆರೆದು ನೋಡಿದ್ರು. ನಾವು ಹದಿನಾಲ್ಕು ಗಂಟೆ ಇರ್ತೀವಿ ಅಂತ ಒಲೇನೂ ಹದಿನಾಲ್ಕು ಗಂಟೆ ಉರಿಯುತ್ತೆ ಅಂತ ಬರೆದ್ರು. ಒಲೆ ಎಷ್ಟು ಹೊತ್ತು ಉರಿಯುತ್ತೆ ಅಂತ ಒಂದು ಮಾತು ಕೇಳಿದ್ರೆ ಬಾಯಿ ಸವೀತಿತ್ತಾ? ಬೆಳಿಗ್ಗೆ ಒಂಬತ್ತೂಕಾಲಿಗೆ ಆರಿಸೋವರೆಗೆ ಮೂರೂಮುಕ್ಕಾಲು ತಾಸು, ಸಂಜೆ ಒಂದೂಕಾಲು ತಾಸು. ಒಟ್ಟು ಐದು ಗಂಟೆ. ಮಿಕ್ಕ ಹೊತ್ತು ನಾವು ಹೆಚ್ತೀವಿ, ತೊಳೀತೀವಿ, ಬಡಿಸ್ತೀವಿ. ಅದಕ್ಕೆ ಗ್ಯಾಸು ಬೇಡ, ರೆಟ್ಟೆ ಬೇಕು."

ಸಮಯ ಮುಗಿದ ಗಂಟೆ ಹೊಡೆಯಿತು. ದೊಡ್ಡಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಇವತ್ತೂ ಒಂಬತ್ತೂಕಾಲಿಗೇ ಆರಿಸಿದ್ರಾ?" ಎಂದು ಬಾಯ್ಲರ್ ಕಾರ್ಖಾನೆಯ ಯಜಮಾನಿ ಕೇಳಿದಳು. ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಇವತ್ತೂ. ನಾಲ್ಕುನೂರು ಜನದ ಊಟ ಒಳಗಿದೆ. ನಂಬಿಕೆ ಇಲ್ದಿದ್ರೆ ಬಂದು ಒಲೆ ಮೇಲೆ ಕೈ ಇಡಿ."

"ನಿಯಮದಲ್ಲಿ ಸ್ಥಳ ಪರಿಶೀಲನೆ ಇಲ್ಲ ಮೇಡಂ," ಎಂದರು ನಿರ್ದೇಶಕರು. "ಹನ್ನೆರಡೂವರೆಗೆ ಫಲಿತಾಂಶ ಹೇಳ್ಬೇಕು."

ಯಜಮಾನಿ ಆಗಲೇ ಎದ್ದಿದ್ದಳು. "ಬಾಯ್ಲರ್ ನೋಡ್ದೆ ನಾನು ಯಾವತ್ತೂ ಸಹಿ ಹಾಕಿಲ್ಲ ಕಣ್ರೀ."

ಹಾಗೆ ಮೆರವಣಿಗೆ ಹೊರಟಿತು. ಮುಂದೆ ದೊಡ್ಡಮ್ಮ, ಪಕ್ಕದಲ್ಲಿ ಯಜಮಾನಿ, ಹಿಂದೆ ನಿರ್ದೇಶಕರು ಮತ್ತು ಕೋಟಿನವರು, ಅವರ ಹಿಂದೆ ತಂಗಿಯ ಮಗಳು, ಅವಳ ಬೆನ್ನಿಗೆ ಟ್ಯಾಬ್ಲೆಟ್ಟಿನ ಹುಡುಗ. ಹುಡುಗನನ್ನು ಯಾರೂ ಕರೆದಿರಲಿಲ್ಲ.

ಅಡುಗೆಮನೆ ಆ ಹೊತ್ತಿನಲ್ಲಿ ಎಂದಿನಂತೆಯೇ ಇತ್ತು. ಮೂವರು ಹೆಂಗಸರು ನೆಲದ ಮೇಲೆ ಕೂತು ರಾತ್ರಿಯ ಊಟಕ್ಕೆ ಸೋರೆಕಾಯಿ ಹೆಚ್ಚುತ್ತಿದ್ದರು. ಇಷ್ಟು ಜನರನ್ನು ಕಂಡು ಅವರ ಕೈ ನಿಂತಿತು. ಯಜಮಾನಿ ನೇರ ಹೋಗಿ ಮೊದಲ ಒಲೆಯ ಮೇಲೆ ಅಂಗೈ ಇಟ್ಟಳು. ಎರಡನೆಯದರ ಮೇಲೆ ಇಟ್ಟಳು. ಏಳೂ ಒಲೆ ಮುಟ್ಟಿ ಮುಗಿಸಿದಳು. ಅವಳ ಹಿಂದೆಯೇ ಹುಡುಗ ಕೂಡ ಒಂದೊಂದಾಗಿ ಮುಟ್ಟುತ್ತಾ ಬಂದ. ಮುಟ್ಟಿದಷ್ಟೂ ಅವನ ತಲೆ ಬಗ್ಗುತ್ತಿತ್ತು.

"ತಣ್ಣಗಿದೆ," ಎಂದಳು ಯಜಮಾನಿ. "ಸರಿ. ಈಗ ಊಟ ಬಿಸಿ ಇದೆಯಾ ನೋಡ್ಬೇಕು. ಒಂದು ಪೆಟ್ಟಿಗೆ ತೆಗೀರಿ."

ಗೋಡೆಯ ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು. ದೊಡ್ಡಮ್ಮ ಅದರ ಕಡೆ ಬೆರಳು ತೋರಿಸಿದಳು.

"ಒಂದು ಗಂಟೆಗೆ ಮೇಡಂ."

ನಿರ್ದೇಶಕರಿಗೆ ತಾವು ಕೇಳಿದ್ದು ನಿಜವೇ ಎನಿಸಿತು. "ಏನಮ್ಮಾ ಇದು! ಮೇಡಂ ನಿಮಗೋಸ್ಕರ ಇಲ್ಲಿವರೆಗೆ ಬಂದಿದಾರೆ. ಒಂದೇ ಒಂದು ಪೆಟ್ಟಿಗೆ. ತೆಗೆದು ತೋರಿಸಿದ್ರೆ ನೀವೇ ಗೆಲ್ಲಬಹುದು."

ಅದು ಅವಳಿಗೂ ಗೊತ್ತಿತ್ತು. ಒಂದು ಗಂಟು ಎಳೆದರೆ ಸಾಕು, ಹಬೆ ಸೂರಿಗೆ ಹೋಗುತ್ತದೆ, ಅಡುಗೆಮನೆ ಉಳಿಯುತ್ತದೆ. ಮೂವರು ಹೆಂಗಸರು ಅವಳನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬಳ ತುಟಿ 'ತೆಗಿ ಅಕ್ಕಾ' ಎಂದು ಅಲುಗಿತು. ದೊಡ್ಡಮ್ಮ ಹತ್ತಿರದ ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡೂ ಕೈ ಊರಿದಳು. ತೆಗೆಯುವುದಕ್ಕಲ್ಲ, ಬೇರೆಯವರು ತೆಗೆಯದ ಹಾಗೆ.

"ಕಾಳು ಮೆತ್ತಗಾಗೋದೇ ಈ ಕೊನೆ ಮುಕ್ಕಾಲು ಗಂಟೇಲಿ ಸಾರ್. ಈಗ ತೆಗೆದ್ರೆ ನಿಮಗೆ ಹಬೆ ಕಾಣುತ್ತೆ, ಐವತ್ತು ಮಕ್ಕಳಿಗೆ ಅರೆಬೆಂದ ಊಟ ಆಗುತ್ತೆ. ನನ್ನ ಕೆಲಸ ಹೋದ್ರೆ ಹೋಗ್ಲಿ. ಅಡುಗೆಮನೆ ಮುಚ್ಚೋದಾದ್ರೆ ಮುಚ್ಚಿ. ಆದ್ರೆ ನಾನಿಲ್ಲಿ ಇರೋವರೆಗೂ ಈ ಮುಚ್ಚಳ ಒಂದು ಗಂಟೆಗೇ ತೆರೆಯೋದು."

"ಹಠ!" ಎಂದರು ನಿರ್ದೇಶಕರು.

"ಹೌದು ಸಾರ್, ಹಠವೇ. ನಾಲ್ಕುನೂರು ಜನಕ್ಕೆ ಹಠ ಇಲ್ದೆ ಅಡುಗೆ ಆಗಲ್ಲ."

ಕೋಟಿನವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ನಮ್ಮಿಬ್ಬರ ಅಂಕ ಕೊಟ್ಟಾಗಿದೆ, ಆ್ಯಪ್‌ನವರೇ ಮೊದಲು, ಹೋಗೋಣ ಎಂದರು. ತಂಗಿಯ ಮಗಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಆದರೆ ದೊಡ್ಡಮ್ಮನ ಪಕ್ಕಕ್ಕೆ ಬಂದು ಅವಳೂ ಒಂದು ಕೈಯನ್ನು ಮುಚ್ಚಳದ ಮೇಲಿಟ್ಟಳು.

ಯಜಮಾನಿ ಅತ್ತಿತ್ತ ನೋಡಿ, ಮೂಲೆಯಲ್ಲಿದ್ದ ಖಾಲಿ ತರಕಾರಿ ಕ್ರೇಟನ್ನು ಕಾಲಿನಿಂದ ಎಳೆದು, ಬೋರಲು ಹಾಕಿ ಅದರ ಮೇಲೆ ಕೂತಳು. "ಮೂರನೇ ಸಹಿ ನಂದು. ಅದಿಲ್ದೆ ಫಲಿತಾಂಶ ಹೇಳೋ ಹಾಗಿಲ್ಲ ತಾನೇ? ಅದನ್ನೂ ಒಂದು ಗಂಟೆವರೆಗೆ ಮುಚ್ಚಿಡಿ," ಎಂದಳು. ಆಮೇಲೆ ಹೆಂಗಸರ ಕಡೆ ತಿರುಗಿ ಒಂದು ಚಾಕು ಕೇಳಿ ಇಸಿದುಕೊಂಡು ಸೋರೆಕಾಯಿ ಹೆಚ್ಚತೊಡಗಿದಳು. ಹೋಳು ದಪ್ಪವಾಯಿತು. ಯಾರೂ ಹೇಳಲಿಲ್ಲ.

ಆ ಐವತ್ತು ನಿಮಿಷ ದೊಡ್ಡಮ್ಮನ ಜೀವಮಾನದಲ್ಲೇ ಉದ್ದವಾದವು. ಒಳಗಿದ್ದದ್ದು ಅವಳಿಗೂ ಕಾಣುತ್ತಿರಲಿಲ್ಲವಲ್ಲ. ಇಪ್ಪತ್ತಾರು ವರ್ಷ ಕೈಕೊಡದ ಪೆಟ್ಟಿಗೆ ಇವತ್ತೇ ಕೈಕೊಟ್ಟರೆ? ಅವಳು ಮುಚ್ಚಳದಿಂದ ಕೈ ತೆಗೆಯಲಿಲ್ಲ. ಸಭಾಂಗಣದಿಂದ ಮಕ್ಕಳು ಬಂದು ಬಾಗಿಲಾಚೆ ಗುಂಪುಗೂಡಿದರು. ಕಪ್ಪು ಕೋಟಿನವರು ಮೊದಲು ನಿಂತರು, ಆಮೇಲೆ ಒರಗಿದರು, ಕೊನೆಗೆ ಅವರೂ ಕ್ರೇಟು ಹುಡುಕಿಕೊಂಡರು. ಟ್ಯಾಬ್ಲೆಟ್ಟಿನ ಹುಡುಗ ತಣ್ಣನೆಯ ಒಲೆಯ ಪಕ್ಕ ಅಲುಗದೆ ನಿಂತಿದ್ದ.

ಒಂದು ಗಂಟೆಗೆ ದೊಡ್ಡಮ್ಮ ಗಂಟಿನ ಕಿವಿ ಎಳೆದಳು.

ಹಬೆ ಅವಳ ಕನ್ನಡಕವನ್ನು, ಯಜಮಾನಿಯ ಕನ್ನಡಕವನ್ನು, ಇಬ್ಬರದನ್ನೂ ಕುರುಡಾಗಿಸಿತು. ಬಾಗಿಲಾಚೆ ಮಕ್ಕಳು ಕೂಗಿದರು. ಯಜಮಾನಿ ಬಿಸಿ ಕಾಳನ್ನು ಬೆರಳ ನಡುವೆ ಹಿಸುಕಿದಳು, ಬಾಯಿಗೆ ಹಾಕಿಕೊಂಡಳು. ಈ ಸಲ ಸದ್ದೇ ಬರಲಿಲ್ಲ.

"ಸಾರ್," ಎಂದ ಟ್ಯಾಬ್ಲೆಟ್ಟಿನ ಹುಡುಗ. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ. "ಸಾರ್, ನನ್ನ ಲೆಕ್ಕ ತಪ್ಪು. ನಾನು ಜನ ಇರೋ ಹೊತ್ತನ್ನ ಒಲೆ ಉರಿಯೋ ಹೊತ್ತು ಅಂತ ಹಾಕಿದೀನಿ. ನನ್ನ ತಂಡದ ಹೆಸರು ತೆಗೀರಿ."

ನಿರ್ದೇಶಕರು ಯಾರ ಮುಖ ನೋಡಬೇಕೆಂದು ತಿಳಿಯದೆ ಗಡಿಯಾರದ ಮುಖ ನೋಡಿದರು. ದೊಡ್ಡಮ್ಮ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಬೈಯಬೇಕೆಂದು ನಾಲ್ಕು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದಳು, ಅವು ಹೊರಗೆ ಬರಲಿಲ್ಲ.

"ತಪ್ಪು ಅಂತ ಬಾಯಲ್ಲಿ ಹೇಳಿದ್ರೆ ಸಾಲ್ದು. ಬರೆದಲ್ಲೇ ತಿದ್ದು," ಎಂದಳು. "ಎಲ್ಲರೆದುರಿಗೆ. ಈಗಲೇ. ಆಮೇಲೆ ತಟ್ಟೆ ತಗೊಂಡು ಸಾಲಲ್ಲಿ ನಿಂತ್ಕೋ."

ಹುಡುಗ ಟ್ಯಾಬ್ಲೆಟ್ಟು ತೆಗೆದು ಹದಿನಾಲ್ಕನ್ನು ಅಳಿಸಿ ಐದು ಎಂದು ಬರೆದ. ದೊಡ್ಡಮ್ಮ ಕನ್ನಡಕ ಒರೆಸಿಕೊಂಡು, ಬಗ್ಗಿ, ಎರಡು ಸಲ ಓದಿದಳು. ಆಗ ಅವಳಿಗೆ ಅಳು ಬಂತು. ನೋಟೀಸು ಓದಿದಾಗಲೂ ಬಾರದ್ದು ಅಲ್ಲಿ, ನಿರ್ದೇಶಕರೆದುರೇ, ಬಳಬಳನೆ ಬಂತು. ಹಬೆಯ ಮೇಲೆ ತಪ್ಪು ಹೊರಿಸಿ ಸೆರಗಿನಿಂದ ಮುಖ ಒರೆಸಿಕೊಂಡು, ಸೌಟು ಹಿಡಿದು ಬಡಿಸಲು ನಿಂತಳು.

ಕೋಟಿನವರು ಅಂಕ ತಿದ್ದಿದರು, ಯಜಮಾನಿ ಸಹಿ ಹಾಕಿದಳು, ಆ ವರ್ಷದ ಪ್ರಶಸ್ತಿ ಅಡುಗೆಮನೆಗೆ ಬಂತು. ಬಾಗಿಲಿನ ನೋಟೀಸನ್ನು ಹಚ್ಚಿದ ಜವಾನನೇ ಬಂದು ಕಿತ್ತುಕೊಂಡು ಹೋದ, ಈ ಸಲ ಮುಖ ನೋಡಿ ನಕ್ಕು. ಪೆಟ್ಟಿಗೆಗಳಿಗೆ ಒಂದು ವರ್ಷ ಸಿಕ್ಕಿತು. ಒಂದೇ ವರ್ಷ, ನಿಜ. ಆಮೇಲೆ ಮತ್ತೆ ಯಾರಾದರೂ ಟ್ಯಾಬ್ಲೆಟ್ಟು ಹಿಡಿದು ಬಂದರೆ ಮತ್ತೆ ಜಗಳವಾಡುವುದೆಂದು ದೊಡ್ಡಮ್ಮ ಆಗಲೇ ತೀರ್ಮಾನಿಸಿದ್ದಳು. ಪ್ರಶಸ್ತಿಯ ಫಲಕ ಕಲ್ಲಿನದು, ಒಳ್ಳೆಯ ಭಾರ. ಅದನ್ನು ಸ್ವಲ್ಪ ಸೊಟ್ಟಗಾಗಿದ್ದ ನಾಲ್ಕನೆಯ ಪೆಟ್ಟಿಗೆಯ ಮುಚ್ಚಳದ ಮೇಲೆ ಹೇರಿದಳು.

ತಿಂಗಳೊಪ್ಪತ್ತಿನಲ್ಲಿ ಹತ್ತು ಸ್ಲೈಡ್ ಸಾರ್ ಹೊರಗಿನ ಅತಿಥಿಗಳನ್ನು ಕರೆದುಕೊಂಡು ಬಂದರು. ನಮ್ಮ ವಿಶ್ವವಿದ್ಯಾಲಯದ ಹೆಮ್ಮೆಯ ಆವಿಷ್ಕಾರ ಎಂದೆಲ್ಲ ಬಾಗಿಲಲ್ಲೇ ವರ್ಣಿಸಿ, ಫೋಟೋ ತೆಗೆಯುವವನನ್ನು ಮುಂದೆ ಬಿಟ್ಟು, "ದೊಡ್ಡಮ್ಮಾ, ಒಂದು ಮುಚ್ಚಳ ತೆಗೆದು ತೋರಿಸಿ," ಎಂದರು. ಆಗ ಹನ್ನೆರಡೂ ಇಪ್ಪತ್ತು.

ದೊಡ್ಡಮ್ಮ ಹೆಚ್ಚುತ್ತಿದ್ದ ಈರುಳ್ಳಿಯಿಂದ ತಲೆ ಎತ್ತಲಿಲ್ಲ.

"ಒಂದು ಗಂಟೆಗೆ ಬನ್ನಿ ಸಾರ್. ತಟ್ಟೆ ಅಲ್ಲಿದೆ, ತೊಳ್ಕೊಂಡು ಸಾಲಲ್ಲಿ ನಿಂತಿರಿ."